ಎರಡನೇ ಸಾಲಿನ ಮೊಳೆಗಳು

ನಂಜುಂಡಪ್ಪನವರ ಎಡಗೈಯಲ್ಲಿ ವರ್ನಿಯರ್ ಕ್ಯಾಲಿಪರ್, ಬಲಗೈಯಲ್ಲಿ ಕಸೂತಿ ಸೂಜಿ. ಮೊದಲ ಸಲ ಅವರನ್ನು ಹಾಗೆ ಕಂಡಾಗ ನನ್ನ ಕೈಲಿದ್ದ ಹಾಲಿನ ಪಾಕೆಟ್ಟು ಜಾರಿ ರಸ್ತೆಗೆ ಬಿತ್ತು. ಆರಡಿಯ ಆಳು, ಪೊದೆ ಮೀಸೆ, ಕಬ್ಬಿಣದ ಚೂರು ಸಿಡಿದು ಸಿಡಿದು ಮುಂಗೈ ತುಂಬ ಕಪ್ಪು ಚುಕ್ಕೆಗಳು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೀರಿ ಲೇತ್ ಮೆಷಿನ್ ನಡೆಸಿ ನಿವೃತ್ತರಾದವರು. ಲಗ್ಗೆರೆಯ ನಮ್ಮ ಅಡ್ಡರಸ್ತೆಯಲ್ಲಿ ಎದುರುಮನೆಯವರು. ಅಂಥ ಮನುಷ್ಯ ಜಗಲಿಯ ಮೇಲೆ ಕಾಲು ಚಾಚಿ ಕೂತು, ಒಂದು ಕಮಲದ ಹೂವಿಗೆ ಹೊಲಿಗೆ ಹಾಕುವುದು, ಹಾಕಿದ ಹೊಲಿಗೆಯನ್ನು ಕ್ಯಾಲಿಪರಿನಲ್ಲಿ ಹಿಡಿದು ಅಳೆಯುವುದು, ತಲೆಯಾಡಿಸುವುದು, ಮತ್ತೆ ಹೊಲಿಯುವುದು.

“ಏನ್ ಸಾರ್ ಇದು?” ಎಂದೆ.

“ಕ್ರಾಸ್ ಸ್ಟಿಚ್ ಕಣಮ್ಮ. ಒಂದೊಂದು ಹೊಲಿಗೆ ಮೂರು ಮಿಲಿಮೀಟರ್. ಪಾಯಿಂಟ್ ಒನ್ ಆಚೆ ಈಚೆ ಹೋದ್ರೆ ರಿಜೆಕ್ಟ್.”

ಅವರ ಹೆಂಡತಿ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಆಕೆ ಬಿಟ್ಟುಹೋದ ಬಿಸ್ಕತ್ತಿನ ಡಬ್ಬದಲ್ಲಿ ಸೂಜಿ, ದಾರ, ಅರ್ಧ ಹೊಲಿದ ಒಂದು ದಿಂಬಿನ ಚೀಲ ಇತ್ತಂತೆ. ಅದನ್ನು ಮುಗಿಸಲು ಕೂತವರು ಮತ್ತೆ ಏಳಲೇ ಇಲ್ಲ. ಬೀದಿಯ ಗಂಡಸರು ಮೊದಮೊದಲು ನಕ್ಕರು. “ಏನ್ ಗುರು, ಲೇತ್ ಬಿಟ್ಟು ಲೇಡೀಸ್ ಟೈಲರ್ ಆದ್ಯಾ?” ಎಂದು ರೇಗಿಸಿದವನನ್ನು ಅವರು ಕರೆದು ಕೂರಿಸಿ, ಕೈಗೆ ಸೂಜಿ ಕೊಟ್ಟು, “ಒಂದು ಲೈನ್ ನೆಟ್ಟಗೆ ಹಾಕು ನೋಡೋಣ” ಎಂದರು. ಆ ಮನುಷ್ಯ ಹತ್ತು ನಿಮಿಷ ಬೆವರಿ ಎದ್ದುಹೋದ ಮೇಲೆ ಯಾರೂ ನಗಲಿಲ್ಲ.

ನಾನು ಆಗಷ್ಟೇ ಕಚೇರಿಯ ಟಪಾಲು ವಿಭಾಗದ ಕೆಲಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತಿದ್ದೆ. ಮೂವತ್ತು ವರ್ಷ ಕಾಗದಗಳನ್ನು ವಿಂಗಡಿಸಿ ವಿಂಗಡಿಸಿ ನನಗೊಂದು ರೋಗ ಅಂಟಿತ್ತು: ಯಾವುದಾದರೂ ಅಡ್ಡಾದಿಡ್ಡಿ ಇದ್ದರೆ ಕೈ ಸುಮ್ಮನಿರುವುದಿಲ್ಲ. ನೆಂಟರ ಮನೆಗೆ ಹೋದರೂ ಅವರ ಚಮಚದ ಸ್ಟ್ಯಾಂಡನ್ನು ಸರಿಮಾಡಿ ಬರುತ್ತೇನೆ. ನನ್ನ ಗಂಡ ಇದಕ್ಕೆ ಬೈಯದ ಬೈಗುಳವಿಲ್ಲ. ಹೊತ್ತು ಹೋಗಲಿ ಎಂದು ನಾನೂ ಬೀದಿಯ ಇನ್ನು ಮೂವರು ಹೆಂಗಸರೂ ಬುಧವಾರ, ಶನಿವಾರ ಮಧ್ಯಾಹ್ನ ನಂಜುಂಡಪ್ಪನವರ ಜಗಲಿಗೆ ಕಲಿಯಲು ಹೋಗತೊಡಗಿದೆವು. ಮೇಷ್ಟ್ರೇ ಎಂದರೆ ಅವರಿಗೆ ಆಗುತ್ತಿರಲಿಲ್ಲ. “ಮೇಷ್ಟ್ರೂ ಇಲ್ಲ, ಗೀಷ್ಟ್ರೂ ಇಲ್ಲ. ಲೇತ್ ಓಡಿಸೋನು, ಟರ್ನರ್ ಅನ್ನಿ.”

ಅವರ ಸಾಮಾನೆಲ್ಲ ಸೋವಿ. ಬೆಲೆಬಾಳುವ ರೇಷ್ಮೆ ದಾರ, ವಿದೇಶಿ ಬಟ್ಟೆ ಎಂದರೆ ಮೂಗು ಮುರಿಯುತ್ತಿದ್ದರು. ರಾಜಾಜಿನಗರದ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ತೂಕಕ್ಕೆ ಸಿಗುವ ಹೆಸರಿಲ್ಲದ ದಾರದ ಲಡಿ, ತೂತು ತೂತಿನ ಮ್ಯಾಟಿ ಬಟ್ಟೆ, ಉಲ್ಲನ್ನಿನ ತುಂಡು, ಪ್ಲಾಸ್ಟಿಕ್ ಮಣಿ. ಈರುಳ್ಳಿ ತುಂಬಿ ಬರುವ ಬಲೆಯ ಚೀಲವನ್ನು ಚೌಕಟ್ಟಿಗೆ ಎಳೆದು ಕಟ್ಟಿ ಅದರ ಮೇಲೆ ಉಲ್ಲನ್ನಿನಲ್ಲಿ ಹಂಸ ಹೊಲಿದರು. ಒಡೆದ ಬಳೆಗೆ ದಾರ ಸುತ್ತಿ ತೋರಣ ಮಾಡಿದರು. ಹಳೆಯ ಸೊಳ್ಳೆಪರದೆಯ ಮೇಲೆ ಮಣಿಯಲ್ಲಿ ತುಳಸಿಕಟ್ಟೆ ಮಾಡಿದ್ದನ್ನು ನೋಡಿ ನಮಗೆ ಬಾಯಿ ಮುಚ್ಚಲಾಗಲಿಲ್ಲ. “ಮೆಟೀರಿಯಲ್ ಸೋವಿ ಇರ್ಲಿ, ಕೆಲ್ಸ ಸೋವಿ ಇರ್ಬಾರ್ದು” ಎನ್ನುವುದನ್ನು ಅವರು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು.

ಹೇಳಿ ಬಿಡುವವರೂ ಅಲ್ಲ. ನಾನು ಮೂರು ವಾರ ಕೂತು ಒಂದು ಟೇಬಲ್ ಮ್ಯಾಟು ಮುಗಿಸಿ, ಹೊಗಳುತ್ತಾರೆಂದು ಮುಂದೆ ಹಿಡಿದೆ. ಅವರು ಕ್ಯಾಲಿಪರ್ ತಂದು ಅಳೆದರು. ಕತ್ತರಿ ತೆಗೆದು ಹೊಲಿಗೆಗಳ ಕೆಳಗೆ ಹಾಕಿ ಚಕಚಕನೆ ಕತ್ತರಿಸಿಬಿಟ್ಟರು! ನನ್ನ ಮೂರು ವಾರ ನೆಲದ ಮೇಲೆ ತುಂಡು ತುಂಡಾಗಿ ಉದುರಿತು. ನಾನು ಕಿರುಚಿಯೇ ಬಿಟ್ಟೆ. “ಅಳ್ಬೇಡ ಕಣಮ್ಮ. ಬಲಗಡೆ ಹೋಗ್ತಾ ಹೋಗ್ತಾ ನಿನ್ ಹೊಲಿಗೆ ದಪ್ಪ ಆಗ್ತಾ ಹೋಗಿದೆ. ನಿಂಗೆ ಮುಗ್ಸೋ ಅವಸರ. ಇವತ್ತು ಶುರು ಮಾಡು, ನಾನೂ ಕೂತ್ಕೋತೀನಿ” ಎಂದರು. ನಿಜಕ್ಕೂ ಕೂತರು. ಎರಡು ವಾರ ನನ್ನ ಪಕ್ಕದಲ್ಲೇ ಕೂತು ಅದೇ ಮ್ಯಾಟನ್ನು ಹೊಲಿಸಿದರು. ಅದಿನ್ನೂ ನಮ್ಮ ಟೇಬಲ್ಲಿನ ಮೇಲಿದೆ.

ಒಮ್ಮೆ ಅವರ ಜೊತೆ ಆ ಫ್ಯಾನ್ಸಿ ಸ್ಟೋರಿಗೆ ಹೋಗಿದ್ದೆ. ದಾರ ತೆಗೆದುಕೊಡುವ ಹುಡುಗಿಗೆ ಒಂದೊಂದು ಲಡಿಯನ್ನೂ ಎತ್ತಿ ತೋರಿಸಿ, “ಹೇಳಮ್ಮ, ಇದ್ಯಾವ್ದು?” ಎನ್ನುವುದು. ಅವಳು “ಕುಂಕುಮ ಕೆಂಪು ಅಂಕಲ್”, “ಇದು ಗಿಳಿ ಹಸಿರು” ಎಂದ ಮೇಲೆಯೇ ಅದನ್ನು ಬೇರೆ ಬೇರೆ ಕವರಿಗೆ ಹಾಕಿ, ಕವರಿಗೊಂದು ಗಂಟು ಹಾಕುವುದು. ಕೆಂಪಿಗೆ ಒಂದು, ಹಸಿರಿಗೆ ಎರಡು. ಹುಡುಗಿಯನ್ನು ಪರೀಕ್ಷೆ ಮಾಡುತ್ತಿದ್ದಾರೆ, ಎಲ್ಲಿ ಹೋದರೂ ಇವರಿಗೆ ಮೇಷ್ಟ್ರಗಿರಿ ಬಿಡುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಎಂಥ ಪೆದ್ದಿ ನಾನು.

ಮನೆಯಲ್ಲಿ ಈ ದಾರಗಳಿಗೆ ಒಂದು ಹಲಗೆ ಇತ್ತು. ಕಾರ್ಖಾನೆಯ ಟೂಲ್ ರೂಮಿನಲ್ಲಿ ಸ್ಪ್ಯಾನರ್ ನೇತುಹಾಕುವಂಥದ್ದು. ಮೂರು ಸಾಲು, ಸಾಲಿಗೆ ಎಂಟು ಮೊಳೆ, ಮೊಳೆಗೊಂದು ಲಡಿ. ಮೇಲಿನ ಸಾಲಿನಲ್ಲಿ ನೀಲಿಗಳು, ತಿಳಿಯಿಂದ ಗಾಢಕ್ಕೆ ಅಚ್ಚುಕಟ್ಟಾಗಿ. ಕೆಳಗಿನ ಸಾಲಿನಲ್ಲಿ ಹಳದಿ, ಬಿಳಿ, ಕಪ್ಪು, ಅದೂ ಅಚ್ಚುಕಟ್ಟು. ನಡುವಿನ ಸಾಲು ಮಾತ್ರ ಯಾರೋ ಕಣ್ಣು ಮುಚ್ಚಿ ನೇತುಹಾಕಿದ ಹಾಗೆ. ಕೆಂಪಿನ ಪಕ್ಕ ಹಸಿರು, ಹಸಿರಿನ ಪಕ್ಕ ಕಂದು, ಮತ್ತೆ ಕೆಂಪು, ಮತ್ತೆ ಹಸಿರು. ಆ ಹಲಗೆಯನ್ನು ಅವರ ಹೊರತು ಯಾರೂ ಮುಟ್ಟುತ್ತಿರಲಿಲ್ಲ, ನಮ್ಮ ನಮ್ಮ ದಾರವನ್ನು ನಾವೇ ತರುತ್ತಿದ್ದೆವು. ಆದರೆ ಹೋದಾಗಲೆಲ್ಲ ಆ ನಡುವಿನ ಸಾಲು ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

ಆ ವರ್ಷದ ಆಯುಧಪೂಜೆ ಬಂತು. ಹಳೆಯ ಕಾರ್ಮಿಕರ ಮನೆಯಲ್ಲಿ ಆಯುಧಪೂಜೆ ಎಂದರೆ ದೀಪಾವಳಿಗಿಂತ ಜೋರು. ವರ್ನಿಯರ್, ಮೈಕ್ರೋಮೀಟರ್, ಕತ್ತರಿ, ನಮ್ಮೆಲ್ಲರ ಸೂಜಿಗಳು, ಎಲ್ಲವನ್ನೂ ತೊಳೆದು ಒರೆಸಿ ಮಣೆಯ ಮೇಲೆ ಇಡಬೇಕು. ಅವರು ಬೂದುಗುಂಬಳಕಾಯಿ ತರಲು ನಂದಿನಿ ಲೇಔಟಿನ ಕಡೆ ಹೋದರು. ನಾನು ಬಟ್ಟೆ ಹಿಡಿದು ಒರೆಸುತ್ತಿದ್ದವಳು ಹಲಗೆಯ ಹತ್ತಿರ ಬಂದೆ. ಧೂಳು ಹೊಡೆಯಲೆಂದು ನಡುವಿನ ಸಾಲಿನ ಲಡಿಗಳನ್ನು ಇಳಿಸಿದೆ. ಇಳಿಸಿದ ಮೇಲೆ ಮತ್ತೆ ಹಾಗೇ ಅಡ್ಡಾದಿಡ್ಡಿ ಹಾಕಲು ಕೈ ಬರಬೇಕಲ್ಲ? ಕೆಂಪುಗಳನ್ನೆಲ್ಲ ಬಲಗಡೆ, ನಡುವೆ ಕಂದು, ಎಡಗಡೆ ಹಸಿರುಗಳು, ತಿಳಿಯಿಂದ ಗಾಢಕ್ಕೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅವರು ಬಂದು ಹಲಗೆಯನ್ನು ನೋಡಿದರು. ಮೆಚ್ಚುತ್ತಾರೆಂದು ಕಾದೆ.

“ಧೂಳು ಹೊಡ್ದ್ಯಾ? ಬೇಷ್” ಎಂದರು. ಅಷ್ಟೇ. ನಾನು ಜೋಡಿಸಿದ್ದು ಅವರ ಕಣ್ಣಿಗೇ ಬೀಳಲಿಲ್ಲವಲ್ಲ ಎಂದು ನನಗೆ ಬೇಜಾರಾಯಿತು, ಹೇಳಿಕೊಳ್ಳಲು ಬಿಂಕ ಬಿಡಲಿಲ್ಲ.

ಇಲ್ಲಿ ಅವರ ಮಗಳು ಸುಮಳ ವಿಷಯ ಹೇಳಬೇಕು. ಒಬ್ಬಳೇ ಮಗಳು, ನನ್ನ ಕಣ್ಣೆದುರೇ ಬೆಳೆದವಳು. ಹುಬ್ಬಳ್ಳಿ ಕಡೆಯ ಬೇರೆ ಜಾತಿಯ ಹುಡುಗನನ್ನು ಮೆಚ್ಚಿ ಮದುವೆಯಾದಳು. ನಂಜುಂಡಪ್ಪನವರು ಮದುವೆಗೆ ಹೋಗಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ತಾಯಿ ಸತ್ತಾಗ ಅಪ್ಪ ಮಗಳು ಒಂದೇ ಮನೆಯಲ್ಲಿ ಹನ್ನೊಂದು ದಿನ ಇದ್ದರೂ ಮಾತಾಡಲಿಲ್ಲ. ಮೊಮ್ಮಗ ನಡೆಯಲು ಕಲಿತ ಮೇಲೆ ಒಂದೊಂದು ಫೋನು ಶುರುವಾಯಿತು. ಮಗಳು ಅಳಿಯ ಕೆಂಗೇರಿಯಲ್ಲಿ ಮನೆ ಕಟ್ಟಿಸುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಗೃಹಪ್ರವೇಶ ಎಂದು ನಿಶ್ಚಯವಾದಾಗ, ಆಯುಧಪೂಜೆಗೂ ಮುಂಚೆಯೇ, ಸುಮಾ ತಾನೇ ಫೋನ್ ಮಾಡಿ, “ಅಪ್ಪಾ, ಬರ್ಲೇಬೇಕು” ಎಂದಳಂತೆ. ಅದನ್ನು ಹೇಳುವಾಗ ಆ ದೊಡ್ಡ ಮನುಷ್ಯನ ಮೀಸೆ ಅದುರುತ್ತಿತ್ತು.

“ತಪ್ಪಾಯ್ತು ಅಂತ ಬಾಯಲ್ಲಿ ಹೇಳೋಕೆ ನಂಗೆ ಬರಲ್ಲ ಕಣಮ್ಮ. ಹೊಲಿದು ಹೇಳ್ತೀನಿ” ಎಂದರು. ಎರಡಡಿಗೆ ಮೂರಡಿ ಗೌರಿ. ಹಸಿರು ಸೀರೆ, ಹಸಿರು ಬಳೆ, ಹಣೆಯಲ್ಲಿ ದೊಡ್ಡ ಕುಂಕುಮ. ಮುಖ, ಒಡವೆ ನವರಾತ್ರಿಗೆ ಮುಂಚೆ ಮುಗಿದಿತ್ತು. ಸೀರೆ, ಬಳೆ, ಕುಂಕುಮ ಆಮೇಲೆ. ಬೆಳಿಗ್ಗೆ ಎದ್ದು ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದರು. “ಮೊದ್ಲು ನನ್ ಮಗಳು ನೋಡ್ಬೇಕು” ಎಂದು ನಮಗೂ ತೋರಿಸಲಿಲ್ಲ. ಗಾಜು, ಅಲ್ಯೂಮಿನಿಯಂ ಪಟ್ಟಿ ತಂದು ಚೌಕಟ್ಟನ್ನೂ ತಾವೇ ಹಾಕಿದರು.

ತವರಿನ ಕಡೆಯಿಂದ ಅರಿಸಿನ ಕುಂಕುಮದ ತಟ್ಟೆ ಹಿಡಿಯಲು ಹೆಂಗಸರಿಲ್ಲವೆಂದು ನನ್ನನ್ನು ಕರೆದುಕೊಂಡು ಹೋದರು. ಹೋಮ ಮುಗಿದಿತ್ತು. ಪಡಸಾಲೆಯ ತುಂಬ ಜನ. ಸುಮಾ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಪಕ್ಕದಲ್ಲೇ ನಿಂತಳು. ಅಳಿಯ ಮೊಳೆ ಹೊಡೆದುಕೊಟ್ಟ. ನಂಜುಂಡಪ್ಪನವರು ಚಿತ್ರ ನೇತುಹಾಕಿ, ಸುತ್ತಿದ್ದ ಬಟ್ಟೆಯನ್ನು ಎಳೆದರು.

ಗೌರಿಯ ಹಣೆಯಲ್ಲಿ ಕಡು ಹಸಿರು ಕುಂಕುಮ. ತುಕ್ಕು ಹಿಡಿದ ತಗಡಿನ ಬಣ್ಣದ ಸೀರೆ. ಬಳೆಗಳೂ ಅದೇ ತುಕ್ಕು. ಅಳತೆ ಮಾತ್ರ ಎಲ್ಲೂ ತಪ್ಪಿರಲಿಲ್ಲ. ಮಂಗಳಕಾರ್ಯದ ಮನೆಯಲ್ಲಿ, ಮುತ್ತೈದೆಯರ ದೇವತೆಯ ಹಣೆಯಲ್ಲಿ ಕುಂಕುಮವಿಲ್ಲ!

ಸುಮಳ ಅತ್ತೆ ಬಾಯಿಗೆ ಸೆರಗು ಹಚ್ಚಿಕೊಂಡು, “ಯವ್ವಾ, ಇದೇನ್ರೀ ಬೀಗರ? ದೇವಿ ಹಣಿ ಮ್ಯಾಲ ಹಸರ ಯಾಕ ಹಚ್ಚೀರಿ?” ಎಂದರು.

ನಾನು ನಂಜುಂಡಪ್ಪನವರ ಮುಖ ನೋಡಿದೆ. ಅವರು ಚಿತ್ರವನ್ನು ನೋಡಿದರು, ಜನರನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು. ಆಮೇಲೆ ನನ್ನ ಕಡೆ ಬಾಗಿ, ಪರೀಕ್ಷೆಯಲ್ಲಿ ಉತ್ತರ ತೋಚದವರಂತೆ ಪಿಸುಗುಟ್ಟಿದರು: “ಅವರು ಹೇಳೋದು ನಿಜಾನಾ?”

ಕಣ್ಣೆದುರು ಎರಡಡಿ ದೂರದಲ್ಲಿದೆ. ನಿಜಾನಾ ಎಂದು ಕೇಳುತ್ತಿದ್ದಾರೆ. “ಕುಂಕುಮ ಹಸಿರಾಗಿದೆ ಸಾರ್” ಎಂದೆ.

“ಎರಡನೇ ಸಾಲು, ನಾಲ್ಕನೇ ಮೊಳೆ” ಎಂದು ಅವರು ತಮ್ಮಷ್ಟಕ್ಕೆ ಗೊಣಗಿದರು. “ಕೆಂಪೇ ಅಲ್ವಾ?”

ಆಗ ನನಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಅಂಗಡಿಯ ಹುಡುಗಿ, ಗಂಟು ಹಾಕಿದ ಕವರು, ಅವರು ತಾವೇ ಜೋಡಿಸಬಲ್ಲ ನೀಲಿ ಹಳದಿಯ ಸಾಲುಗಳು, ಜೋಡಿಸಲಾಗದ ನಡುವಿನ ಸಾಲು. ಈ ಮನುಷ್ಯನಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದೇ ಇಲ್ಲ! ಬೆಲೆಬಾಳುವ ದಾರವಾಗಿದ್ದರೆ ಅದರ ಮೇಲೆ ಬಣ್ಣದ ನಂಬರು ಇರುತ್ತಿತ್ತು. ಈ ಸೋವಿ ದಾರಕ್ಕೆ ಇದ್ದದ್ದು ಮೊಳೆಯ ಲೆಕ್ಕ ಒಂದೇ. ಆ ಲೆಕ್ಕ ತಪ್ಪಿಸಿದವಳು ನಾನು.

ಸುಮಾ ಅಪ್ಪನ ಮುಂದೆ ಬಂದು ನಿಂತಳು. ಕೂಗಲಿಲ್ಲ. “ಇನ್ನೂ ಸಿಟ್ಟು ಹೋಗಿಲ್ವಾ ಅಪ್ಪಾ? ಇವತ್ತೇ ಆಗ್ಬೇಕಿತ್ತಾ? ಇಷ್ಟು ಜನದ ಮುಂದೇನಾ?”

ಅವರು ಬಾಯಿ ತೆರೆದರು. ಅವರೊಂದು ಮಾತು ಹೇಳಿದ್ದರೆ ಸಾಕಿತ್ತು. ನಾನೊಂದು ಮಾತು ಹೇಳಿದ್ದರೂ ಸಾಕಿತ್ತು. ನಾನು ಅವರು ಹೇಳಲಿ ಎಂದು ಕಾದೆ. ಅವರು ಹೇಳಲಿಲ್ಲ. ಚಿತ್ರವನ್ನು ಇಳಿಸಿ, ಬಟ್ಟೆ ಸುತ್ತಿ, “ನಡಿಯಮ್ಮ” ಎಂದು ಊಟ ಮಾಡದೆ ಹೊರಟರು. ಮೆಟ್ರೋದಲ್ಲಿ ಅತ್ತಿಗುಪ್ಪೆಯವರೆಗೂ ಚೌಕಟ್ಟನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡು ಕೂತಿದ್ದರು. ಅಲ್ಲಿ ಇಳಿದು ಆಟೋ ಹಿಡಿದೆವು.

ಮರುದಿನ ಬೆಳಿಗ್ಗೆ ಹೋಗಿ ಒಪ್ಪಿಕೊಂಡೆ. ಆಯುಧಪೂಜೆಯ ದಿನ ಹಲಗೆ ಜೋಡಿಸಿದವಳು ನಾನೇ ಎಂದು ಹೇಳುವಷ್ಟರಲ್ಲಿ ಅಳು ಬಂತು. ಬೈಯಲಿ, ಹಲಗೆ ಎತ್ತಿ ಎಸೆಯಲಿ ಎಂದು ಕಾಯುತ್ತಿದ್ದೆ. ಅವರು ಹಲಗೆಯ ಕಡೆ ತಿರುಗಿ, “ಮೊಳೆಗೆ ಚೀಟಿ ಅಂಟಿಸ್ಬೇಕಿತ್ತು. ಅಂಟಿಸಿದ್ರೆ ನಿಮಗೆಲ್ಲ ಗೊತ್ತಾಗ್ಬಿಡ್ತಿತ್ತು, ಅದಕ್ಕೇ ಅಂಟಿಸ್ಲಿಲ್ಲ” ಎಂದರು. ಕಾರ್ಖಾನೆಯಲ್ಲಿ ಪಾಸಾದ ಮಾಲಿಗೆ ಹಸಿರು ಚೀಟಿ, ಕೆಟ್ಟ ಮಾಲಿಗೆ ಕೆಂಪು ಚೀಟಿಯಂತೆ. ಕೆಂಪು ಚೀಟಿಗಳಿಗೆ ಮೊದಲೇ ಒಂದೊಂದು ತೂತು ಹೊಡೆದಿಟ್ಟುಕೊಂಡು ಮೂವತ್ತು ವರ್ಷ ದೂಡಿದ್ದರು. ಹೆಂಡತಿಗೂ ಗೊತ್ತಿರಲಿಲ್ಲ.

“ಕಾಣದೇ ಇದ್ಮೇಲೆ ಈ ಕಸೂತಿ ಉಸಾಬರಿ ಯಾಕೆ ಸಾರ್ ನಿಮಗೆ?” ಎಂದು ಕೇಳಿಯೇಬಿಟ್ಟೆ.

“ನಮ್ಮವಳು ದಿನಾ ತೋರಿಸಿ ಚೆನ್ನಾಗಿದ್ಯಾ ಅಂತ ಕೇಳೋಳು. ದಿನಾ ಚೆನ್ನಾಗಿದೆ ಅಂತಿದ್ದೆ. ಸುಳ್ಳು ಕಣಮ್ಮ. ಏನು ಅಷ್ಟು ಚೆನ್ನಾಗಿರುತ್ತೆ ಅಂತ ನೋಡೋಣ ಅನ್ನಿಸ್ತು.”

“ಸುಮಂಗೆ ಹೇಳೋಣ ನಡೀರಿ. ಈಗ್ಲೇ ಹೋಗೋಣ” ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

“ಬೇಡ. ಸುಮಾ ಹುಟ್ಟಿದಾಗ ಫ್ಯಾಕ್ಟರಿ ಡಾಕ್ಟ್ರನ್ನ ಗುಟ್ಟಾಗಿ ಕೇಳಿದ್ದೆ, ಅವರು ಅವತ್ತೇ ಹೇಳಿದ್ರು. ಇದು ಮಗಳಿಗೆ ತೊಂದ್ರೆ ಕೊಡಲ್ಲ, ಆದ್ರೆ ಮಗಳ ಮೂಲಕ ಮೊಮ್ಮಗಂಗೆ ಬಂದ್ರೂ ಬರಬಹುದು ಅಂತ. ಅವನಿಗೆ ಬಂದಿದ್ರೆ? ಸೊಸೆ ತವರಿಂದ ತಂದ ದೋಷ ಅಂತ ಆ ಮನೇಲಿ ಅವಳನ್ನ ಆಡ್ಕೊಳಲ್ವಾ? ನಾನು ಕೆಟ್ಟೋನು ಅಂದ್ಕೊಂಡ್ರೆ ಅಂದ್ಕೊಳ್ಳಲಿ. ಅವಳ ಬಾಳು ಚೆನ್ನಾಗಿರ್ಲಿ. ಹೇಳಲ್ಲ ಅಂತ ಮಾತು ಕೊಡು.”

ಕೊಟ್ಟೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ: ಮಾತು ಕೊಟ್ಟಾಗ ನನಗೆ ಸಮಾಧಾನವೇ ಆಯಿತು. ಅವರ ಗುಟ್ಟಿನ ಜೊತೆ ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು.

ಆಮೇಲೆ ಎರಡು ವರ್ಷ ಅವರು ಹೊಲಿದರು, ಆದರೆ ನೀಲಿ, ಹಳದಿ, ಬಿಳಿ, ಕಪ್ಪು ಮಾತ್ರ. ನಾನು ಚೀಟಿ ಬರೆದು ಅಂಟಿಸುತ್ತೇನೆಂದರೆ ಬೇಡವೆಂದರು. ನಡುವಿನ ಸಾಲು ಧೂಳು ಹಿಡಿಯಿತು. ಸುಮಾ ಬರಲಿಲ್ಲ, ಫೋನೂ ಇಲ್ಲ. ಒಂದು ಮಧ್ಯಾಹ್ನ ಎಂದಿನಂತೆ ಕಲಿಯಲು ಹೋದವರಿಗೆ ಅವರು ಜಗಲಿಯ ಗೋಡೆಗೆ ಒರಗಿ ಕೂತಿದ್ದು ಕಂಡಿತು. ಕ್ಯಾಲಿಪರ್ ಕೆಳಗೆ ಬಿದ್ದಿತ್ತು. ಗೌರಿಹಬ್ಬಕ್ಕೆ ಇನ್ನು ಆರು ದಿನವಿತ್ತು. ಹೃದಯ ನಿಂತಿದೆ ಎಂದು ಡಾಕ್ಟರು ಹೇಳುವವರೆಗೂ ನಾನು ನಂಬಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಸುಮಾ ಮನೆ ಖಾಲಿ ಮಾಡಲು ಒಬ್ಬಳೇ ಬಂದಳು. ನಾನು ಕಾಫಿ ತೆಗೆದುಕೊಂಡು ಹೋದಾಗ ಆ ಹಲಗೆಯ ಮುಂದೆ ನಿಂತಿದ್ದಳು.

“ಆಂಟಿ, ಅಪ್ಪಂಗೆ ಕೆಂಪು, ಹಸಿರು ಕಾಣ್ತಿರ್ಲಿಲ್ಲ ಅಲ್ವಾ?”

ನಿನಗೆ ಹೇಗೆ ಗೊತ್ತು ಎಂದು ಕೇಳುವ ಮೊದಲೇ ಅವಳು ಹೇಳತೊಡಗಿದಳು.

“ಎರಡು ತಿಂಗಳ ಹಿಂದೆ ನನ್ ಮಗನ ಸ್ಕೂಲಲ್ಲಿ ಕಣ್ಣು ಟೆಸ್ಟ್ ಮಾಡಿದ್ರು. ಅವನಿಗೆ ಇದೆ. ತಾಯಿಯ ತಂದೆ ಕಡೆಯಿಂದ ಬಂದಿರಬಹುದು ಅಂದ್ರು ಡಾಕ್ಟ್ರು. ನಾನು ಜಗಳಕ್ಕೇ ಬಿದ್ದೆ. ಚಾನ್ಸೇ ಇಲ್ಲ, ನಮ್ಮಪ್ಪ ಕಸೂತಿ ಹಾಕ್ತಾರೆ, ಬೀದಿಗೆಲ್ಲ ಹೇಳ್ಕೊಡ್ತಾರೆ ಅಂದೆ. ಮನೆಗೆ ಬಂದು ಅಕ್ಕಿ ತೊಳೀತಾ ಇದ್ದಾಗ ಆ ಹಸಿರು ಕುಂಕುಮ ನೆನಪಾಯ್ತು. ಅಲ್ಲೇ ಕೂತುಬಿಟ್ಟೆ.”

“ನಿಮ್ಮತ್ತೆ ಏನಂದ್ರು?” ಎಂದೆ.

“ಅವರೇನಂತಾರೆ? ‘ಬಣ್ಣ ಕಾಣಲಿಲ್ಲಂದ್ರ ಏನಾತು, ಹುಡುಗ ಶಾಣ್ಯಾ ಅದಾನ’ ಅಂದು ಅವನಿಗೆ ಉಂಡೆ ಕೊಟ್ರು. ಅಷ್ಟೇ. ನಂಗೆ ಅಪ್ಪನ ಮುಖ ನೋಡೋಕೆ ನಾಚಿಕೆ ಆಂಟಿ. ಗೌರಿಹಬ್ಬಕ್ಕೆ ಬಂದು ಕಾಲು ಹಿಡ್ಕೊಳ್ಳೋಣ ಅಂತಿದ್ದೆ.”

ಅಷ್ಟೇ! ಒಂದು ಉಂಡೆಯಲ್ಲಿ ಮುಗಿದುಹೋದ ಮಾತಿಗೆ ಆ ಮನುಷ್ಯ ಎರಡು ವರ್ಷ ಮಗಳಿಲ್ಲದೆ ಕೂತಿದ್ದರು.

“ಒಂದೇ ಅರ್ಥ ಆಗ್ತಿಲ್ಲ. ಯಾವತ್ತೂ ತಪ್ಪದೇ ಇದ್ದೋರು ಅದೊಂದ್ರಲ್ಲಿ ಯಾಕೆ ತಪ್ಪಿದ್ರು?” ಎಂದಳು ಸುಮಾ.

ಹೇಳಿದೆ. ಧೂಳು ಹೊಡೆದದ್ದು, ಜೋಡಿಸಿದ್ದು, ಗೃಹಪ್ರವೇಶದ ದಿನ ಅವರು ಮೊಳೆಯ ನಂಬರು ಗೊಣಗಿದಾಗಲೇ ನನಗೆ ತಿಳಿದದ್ದು, ಆಮೇಲೆ ಕೊಟ್ಟ ಮಾತು, ಎಲ್ಲ. ಅವಳು ಪೂರ್ತಿ ಕೇಳಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ನನ್ನನ್ನು ಗುರುತು ಸಿಗದವಳಂತೆ ನೋಡಿದಳು.

“ಅವತ್ತು ನೀವು ನನ್ನ ಪಕ್ಕದಲ್ಲೇ ನಿಂತಿದ್ರಲ್ಲ ಆಂಟಿ” ಎಂದಳು.

ಅಟ್ಟದ ಮೇಲಿಂದ ಗೌರಿಯ ಚಿತ್ರವನ್ನು ತಾನೇ ಇಳಿಸಿಕೊಂಡು, ಪೇಪರು ಸುತ್ತಿ, ಆಟೋ ಹತ್ತಿದಳು. ಕೆಂಗೇರಿಯ ಮನೆಯ ಪಡಸಾಲೆಯಲ್ಲಿ ಅದನ್ನು ಹಾಗೇ ನೇತುಹಾಕಿದ್ದಾಳೆ, ಬಂದವರಿಗೆಲ್ಲ ನಮ್ಮಪ್ಪ ಹೊಲಿದದ್ದು ಎಂದು ತೋರಿಸುತ್ತಾಳೆ ಎಂದು ಬೀದಿಯ ಹೆಂಗಸರು ಹೋಗಿಬಂದು ಹೇಳಿದರು. ನನ್ನನ್ನು ಅವಳು ಕರೆದಿಲ್ಲ.